ಶಿವಪ್ಪನಾಯಕನ ಕೋಲು ಮತ್ತು ಚಿಕ್ಕಪ್ಪನ ರಿಟರ್ನ್

ಬರೆಯದೆ ತುಂಬಾ ದಿನ ಆಯ್ತು. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್, ಮನೆಗೆ ಬಂದರೆ ನಿದ್ದೆ... ಇಷ್ಟೇ ಆಗಿಹೋಗಿತ್ತು. ಇವತ್ತು ಬರೆಯೋದಕ್ಕೆ ಕಾರಣ ಇಬ್ಬರು. ಒಬ್ಬರು ಸಾಗರದಲ್ಲಿರೋ ನನ್ನ ಚಿಕ್ಕಪ್ಪ. ಇನ್ನೊಬ್ಬ 1660ರಲ್ಲೇ ತೀರಿಕೊಂಡ ಕೆಳದಿಯ ರಾಜ. ಇಬ್ಬರಿಗೂ ಏನು ಸಂಬಂಧ ಅಂತೀರಾ? ತೆರಿಗೆ!

ಚಿಕ್ಕಪ್ಪನದ್ದು ಚಿಕ್ಕ ಅಂಗಡಿ. ಕತ್ತಿ, ಗುದ್ದಲಿ, ಹಗ್ಗ, ನೀರಿನ ಪೈಪು, ಮಳೆಗಾಲಕ್ಕೆ ಪ್ಲಾಸ್ಟಿಕ್ ಶೀಟು, ತೋಟದವರಿಗೆ ಬೇಕಾದ ಇನ್ನಿತರ ಸಾಮಾನು. ಜೊತೆಗೆ ಮುಕ್ಕಾಲು ಎಕರೆ ಅಡಿಕೆ ತೋಟ. 2025ರ ಜುಲೈನಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯಿಂದ ಜಿಎಸ್‌ಟಿ ನೋಟಿಸು ಹೋದದ್ದು ನಿಮಗೆ ನೆನಪಿರಬಹುದು. ಬೇಕರಿಯವರು, ಹಾಲು ಮಾರುವವರು, ತರಕಾರಿಯವರು ಎಲ್ಲರೂ ಗಾಬರಿ. 2021-22ರಿಂದ ಹಿಡಿದು ಹಳೆಯ ವರ್ಷಗಳ ಲೆಕ್ಕ ಕೇಳಿದ್ದರು. ಬೆಂಗಳೂರಿನಲ್ಲಿ ನಾನು ದಿನಾ ಟೀ ಕುಡಿಯೋ ಅಂಗಡಿಯಲ್ಲೂ ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಚೀಟಿ ಅಂಟಿಸಿದ್ದರು.

ಚಿಕ್ಕಪ್ಪನಿಗೆ ನೋಟಿಸು ಬಂದಿರಲಿಲ್ಲ. ಆದರೂ ಹೆದರಿ ಕ್ಯೂಆರ್ ಕೋಡಿನ ಸ್ಟ್ಯಾಂಡನ್ನು ಗಲ್ಲಾಪೆಟ್ಟಿಗೆ ಹಿಂದೆ ಅಡಗಿಸಿಟ್ಟಿದ್ದರು. ರಾತ್ರಿ ಹತ್ತು ಗಂಟೆಗೆ ನನಗೆ ಫೋನು.

"ಅಪ್ಪಿ, ನೀನು ಕಂಪ್ಯೂಟರಿನವನು. ನನ್ನ ಹೆಸರು ಅವರ ಲಿಸ್ಟಲ್ಲಿ ಇದ್ಯಾ ಅಂತ ನೋಡಕ್ಕೆ ಆಗ್ತದಾ?"

"ಹಾಗೆಲ್ಲ ನೋಡಕ್ಕೆ ಬರಲ್ಲ ಚಿಕ್ಕಪ್ಪ. ನೀವು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕ್ತಿದೀರಾ?"

"ನಂಗೆಂತ ಇನ್‌ಕಮ್ಮು ಮಾರಾಯ!"

ಇಪ್ಪತ್ತೆರಡು ವರ್ಷದಿಂದ ಅಂಗಡಿ ನಡೆಸುತ್ತಿದ್ದಾರೆ. ಒಂದೇ ಒಂದು ರಿಟರ್ನ್ ಹಾಕಿಲ್ಲ. ಕಳ್ಳತನ ಅಂತ ಅಲ್ಲ, ಯಾರೂ ಕೇಳಿರಲಿಲ್ಲ ಅಷ್ಟೇ. ಅಂಗಡಿಯ ಮಾಡು ರಿಪೇರಿಗೆ ಅಂತ ಬ್ಯಾಂಕೊಂದಕ್ಕೆ ಸಾಲ ಕೇಳಲು ಹೋದಾಗ ಮೂರು ವರ್ಷದ ರಿಟರ್ನ್ ತನ್ನಿ ಅಂದು ವಾಪಸ್ ಕಳಿಸಿದ್ದರಂತೆ. ಅದನ್ನೂ ಆವತ್ತೇ ಹೇಳಿದ್ದು. ಗಣೇಶನ ಹಬ್ಬಕ್ಕೆ ಊರಿಗೆ ಬಂದಾಗ ಕೂತು ಮಾಡೋಣ ಅಂದೆ.

ಈಗ ಸ್ವಲ್ಪ ಇತಿಹಾಸಕ್ಕೆ ಬರೋಣ. ಹಬ್ಬಕ್ಕೆ ಹೋಗುವ ಮುಂಚಿನ ಎರಡು ವಾರ ನಾನು ಓದಿದ್ದು ತೆರಿಗೆ ಕಾಯಿದೆಗಿಂತ ಹೆಚ್ಚಾಗಿ ಕೆಳದಿಯ ವಿಷಯವನ್ನೇ :)

ನಮ್ಮ ಕಡೆ ಶಾಲೆಯಲ್ಲಿ 'ಶಿಸ್ತಿನ ಶಿವಪ್ಪನಾಯಕ' ಅಂತ ಹೇಳಿಕೊಡುತ್ತಾರೆ. ಡ್ರಿಲ್ ಮೇಷ್ಟ್ರು ಸಾಲಾಗಿ ನಿಲ್ಲಿಸುವಾಗಲೂ ಇದೇ ಹೆಸರು. ಹಾಗಾಗಿ ಅವನು ಬಹಳ ಸ್ಟ್ರಿಕ್ಟ್ ರಾಜ, ಎಲ್ಲರೂ ಬೆಳಿಗ್ಗೆ ಐದಕ್ಕೆ ಏಳಬೇಕಿತ್ತು ಅಂತೆಲ್ಲ ನಾನು ಎಷ್ಟೋ ವರ್ಷ ನಂಬಿದ್ದೆ. ಆದರೆ ಇಲ್ಲಿ ಶಿಸ್ತು ಅಂದರೆ ಭೂಕಂದಾಯ. ಜಮೀನಿಗೆ ಇಷ್ಟು ಅಂತ ನಿಗದಿ ಮಾಡಿದ ತೆರಿಗೆಯ ಹೆಸರೇ ಶಿಸ್ತು. ಅಂದರೆ ಒಬ್ಬ ರಾಜ ಜನರ ಬಾಯಲ್ಲಿ ಉಳಿದಿರುವುದು ಗೆದ್ದ ಯುದ್ಧಕ್ಕಲ್ಲ, ಹಾಕಿದ ತೆರಿಗೆಗೆ. ಅದೂ ಬೈಗುಳವಾಗಿ ಅಲ್ಲ, ಹೊಗಳಿಕೆಯಾಗಿ! ಪ್ರಪಂಚದಲ್ಲಿ ಇನ್ನೆಷ್ಟು ರಾಜರಿಗೆ ಈ ಭಾಗ್ಯ ಸಿಕ್ಕಿದೆಯೋ.

ಶಿವಪ್ಪನಾಯಕ ಆಳಿದ್ದು 1645ರಿಂದ 1660ರ ತನಕ. ಆ ಹೊತ್ತಿಗೆ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಹೋಗಿತ್ತು. ಬಿದನೂರು ಅಂದರೆ ಇವತ್ತಿನ ಹೊಸನಗರ ತಾಲ್ಲೂಕಿನ ನಗರ. ಘಟ್ಟದ ಮೇಲಿನ ಅಡಿಕೆ, ಮೆಣಸು, ಘಟ್ಟದ ಕೆಳಗಿನ ಬಂದರುಗಳು ಎರಡೂ ಕೈಯಲ್ಲಿದ್ದ ಶ್ರೀಮಂತ ರಾಜ್ಯ.

ಅವನು ಶಿಸ್ತು ಹೇಗೆ ನಿಗದಿ ಮಾಡಿದ ಅನ್ನುವುದನ್ನು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಪ್ರತಿ ಹಳ್ಳಿಯಲ್ಲೂ ಒಂದು ಗದ್ದೆಯನ್ನು ಸರ್ಕಾರವೇ ತನ್ನ ಖರ್ಚಿನಲ್ಲಿ ಸಾಗುವಳಿ ಮಾಡಿಸಿತು. ಒಂದು ವರ್ಷ ಅಲ್ಲ, ಎರಡು ವರ್ಷ ಅಲ್ಲ, ಸತತ ಹನ್ನೆರಡು ವರ್ಷ. ಬಿತ್ತಿದ ಬೀಜ ಎಷ್ಟು, ಬೇಸಾಯದ ಖರ್ಚು ಎಷ್ಟು, ಬಂದ ಫಸಲು ಎಷ್ಟು, ಅದಕ್ಕೆ ಸಿಕ್ಕ ಬೆಲೆ ಎಷ್ಟು, ಎಲ್ಲದರ ಲೆಕ್ಕ ಇಟ್ಟರು. ಕೊನೆಗೆ ಸರಾಸರಿ ತೆಗೆದು, ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಅಂತ ಐದು ದರ್ಜೆ ಮಾಡಿ, ಮೂರರಲ್ಲಿ ಒಂದು ಪಾಲು ಸರ್ಕಾರಕ್ಕೆ, ಉಳಿದ ಎರಡು ಪಾಲು ರೈತನಿಗೆ ಅಂತ ಕಟ್ಟಿದರು.

ಒಮ್ಮೆ ಯೋಚನೆ ಮಾಡಿ. ಅವನ ಆಳ್ವಿಕೆಯೇ ಹದಿನೈದು ವರ್ಷ. ಅದರಲ್ಲಿ ಹನ್ನೆರಡು ವರ್ಷ ಬರೀ ಟೆಸ್ಟಿಂಗ್! ನಮ್ಮ ಮ್ಯಾನೇಜರ್ ಎರಡು ವಾರ ಕೊಟ್ಟರೆ ಹಬ್ಬ. ಮಳೆ ಹೆಚ್ಚಾದ ವರ್ಷ, ಮಳೆ ಕೈಕೊಟ್ಟ ವರ್ಷ, ಹುಳ ಬಿದ್ದ ವರ್ಷ, ಎಲ್ಲವೂ ಆ ಹನ್ನೆರಡರಲ್ಲಿ ಬಂದುಹೋಗಿರುತ್ತವೆ. ಸರ್ಕಾರ ತಾನೇ ಕೆಸರಿಗೆ ಇಳಿದು ಖರ್ಚು ಎಷ್ಟು ಬರುತ್ತೆ ಅಂತ ನೋಡಿದ ಮೇಲೆ, "ಏನು ಬೆಳೆದರೂ ಕೈಗೆ ಏನೂ ಉಳಿಯಲ್ಲ ಒಡೆಯಾ" ಅಂತ ರೈತನೂ ಸುಳ್ಳು ಹೇಳುವ ಹಾಗಿಲ್ಲ, "ಇನ್ನೂ ಬೆಳೆದಿದೀಯ, ಬಚ್ಚಿಟ್ಟಿದೀಯ" ಅಂತ ಅಧಿಕಾರಿಯೂ ಹೆದರಿಸುವ ಹಾಗಿಲ್ಲ.

ಅಡಿಕೆ ತೋಟದ ಕಥೆ ನನಗೆ ಇನ್ನೂ ಇಷ್ಟ. ತೋಟಕ್ಕೆ ಗದ್ದೆಯ ಲೆಕ್ಕ ಹೊಂದಲ್ಲ. ಅದಕ್ಕೆ ಅಂತಲೇ ಬೇರೆ ಅಳತೆಕೋಲು. ಆ ಕೋಲಿನ ಉದ್ದ ಎಷ್ಟು ಗೊತ್ತಾ? ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲು ಮೆಟ್ಟಿಲಿನಷ್ಟು. ಇಂಗ್ಲಿಷ್ ಅಳತೆಯಲ್ಲಿ 18 ಅಡಿ 6 ಅಂಗುಲ. ಈ ಅಳತೆಗೆ 'ದಾಯ' ಅಂತ ಹೆಸರು. ಸಾವಿರ ದಾಯಕ್ಕೆ ಇಷ್ಟು ವರಹ ಅಂತ ತೋಟದ ಶಿಸ್ತು.

ಕೋಲು ಅಧಿಕಾರಿಯ ಮನೆಯಲ್ಲಿ ಇದ್ದರೆ ಅದು ಎಷ್ಟು ಉದ್ದವೋ ಯಾರಿಗೆ ಗೊತ್ತು? ಕೋಲು ಒಂದು ಗೇಣು ಗಿಡ್ಡವಾದರೆ ತೋಟ ಅಷ್ಟು ದೊಡ್ಡದಾಗಿಬಿಡುತ್ತೆ. ಆದರೆ ದೇವಸ್ಥಾನದ ಮೆಟ್ಟಿಲು ಕಲ್ಲಿನದ್ದು, ಬೆಳೆಯಲ್ಲ, ಸವೆದು ಗಿಡ್ಡ ಆಗಲ್ಲ. ಅನುಮಾನ ಬಂದ ಯಾವ ತೋಟದವನೂ ಒಂದು ಹಗ್ಗ ಹಿಡಿದು ಹೋಗಿ ಅಳೆದು ನೋಡಬಹುದು. ತೆರಿಗೆ ಕಟ್ಟುವವನೇ ಅಳತೆಯನ್ನು ಪರೀಕ್ಷೆ ಮಾಡಬಹುದು ಅನ್ನೋದು ನನಗೆ ಹನ್ನೆರಡು ವರ್ಷದ ಲೆಕ್ಕಕ್ಕಿಂತ ದೊಡ್ಡ ವಿಷಯ ಅನ್ನಿಸಿತು.

ಇದನ್ನು ಓದಿ ರಾಮರಾಜ್ಯ ಅಂದುಕೊಳ್ಳಬೇಡಿ. ಮೂರರಲ್ಲಿ ಒಂದು ಪಾಲು ಇವತ್ತಿನ ಲೆಕ್ಕದಲ್ಲಿ ಹಗುರ ಅಲ್ಲ. ಶಿಸ್ತು ಕಟ್ಟಿದವನು ಹಿಡುವಳಿದಾರ. ಅವನ ಕೆಳಗೆ ಉತ್ತವನಿಗೆ ಇನ್ನೊಂದು ಲೆಕ್ಕ ಇರುತ್ತಿತ್ತು. ಆ ಲೆಕ್ಕ ಹೇಗಿರುತ್ತೆ ಅನ್ನೋದಕ್ಕೆ ನಮ್ಮ ಸಾಗರ ತಾಲ್ಲೂಕಿನದ್ದೇ ಕಾಗೋಡು ಸಾಕ್ಷಿ. 1951ರಲ್ಲಿ ಅಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಜಗಳ ಶುರುವಾಗಿದ್ದೇ ಗೇಣಿ ಅಳೆಯುವ ಕೊಳಗದ ಗಾತ್ರದಿಂದ. ಒಡೆಯರ ಕೊಳಗ ದೊಡ್ಡದು ಅನ್ನೋದು ಗೇಣಿದಾರರ ದೂರು. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತ ಆ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೂ ಒಳಗಾದರು. ಇಕ್ಕೇರಿಯ ಮೆಟ್ಟಿಲು ಮತ್ತು ಕಾಗೋಡಿನ ಕೊಳಗ ಒಂದೇ ತಾಲ್ಲೂಕಿನವು. ಒಂದು ಎಲ್ಲರೆದುರು ಇತ್ತು, ಇನ್ನೊಂದು ಒಡೆಯನ ಜಗಲಿಯಲ್ಲಿತ್ತು.

ಶಿಸ್ತು ಹಾಳಾದದ್ದು ಹೇಗೆ? ದರ ತಿದ್ದಿ ಅಲ್ಲ, ಅದರ ಮೇಲೆ ಒಂದೊಂದೇ ಪೇರಿಸಿ. ಶಿವಪ್ಪನಾಯಕನ ನಂತರದ ಅರಸರ ಕಾಲದಲ್ಲಿ ಬಂದವರಿಗೆಲ್ಲ ಊಟ ಹಾಕುವ ದಾಸೋಹಕ್ಕೆ ಅಂತ ಒಂದು, ಮರಾಠರಿಗೆ ಚೌತ್ ಕಟ್ಟಬೇಕು ಅಂತ 'ಪಟ್ಟಿ' ಇನ್ನೊಂದು. ಇವತ್ತಿನ ಸೆಸ್, ಸರ್‌ಚಾರ್ಜ್ ನೆನಪಾಯ್ತಾ? ಕಾರಣ ಪ್ರತಿ ಸಲವೂ ಒಳ್ಳೆಯದೇ ಇರುತ್ತೆ. ಕಾರಣ ಮುಗಿದ ಮೇಲೂ ಕರ ಹೋಗಲ್ಲ.

1763ರಲ್ಲಿ ಹೈದರಾಲಿ ಬಿದನೂರು ಗೆದ್ದ. 1799ರಲ್ಲಿ ಟಿಪ್ಪು ಸತ್ತ ಮೇಲೆ ಸೀಮೆ ಮೈಸೂರು ಒಡೆಯರಿಗೆ ಬಂತು. ಆಮೇಲೆ ಬಂದದ್ದು 'ಶರ್ತಿ' ಪದ್ಧತಿ. ಅಮಲ್ದಾರ ಇಷ್ಟು ಹಣ ವಸೂಲಿ ಮಾಡಿಕೊಡುತ್ತೇನೆ ಅಂತ ಶರತ್ತಿಗೆ ಒಪ್ಪಿಕೊಳ್ಳಬೇಕು, ಕಡಿಮೆ ಬಿದ್ದರೆ ಅವನೇ ತುಂಬಬೇಕು. ಅಂಥವನು ಹಳ್ಳಿಗೆ ಬಂದರೆ ನಿನ್ನ ಗದ್ದೆ ಯಾವ ದರ್ಜೆ ಅಂತ ಕೇಳುತ್ತಾನಾ? ಟಾರ್ಗೆಟ್ ಎಷ್ಟು ಬಾಕಿ ಅಂತ ನೋಡುತ್ತಾನೆ. ಇದರ ಜೊತೆಗೆ ನಗರದ ಫೌಜುದಾರಿಯಲ್ಲಿ ಹಳೆಯ ಬಾಕಿ, ಹಳೆಯ ರಿಯಾಯಿತಿಗಳ ಲೆಕ್ಕವನ್ನು ಮತ್ತೆ ಕೆದಕಲು ಹೊರಟದ್ದೂ ಸೇರಿಕೊಂಡಿತು. 1830ರಲ್ಲಿ ರೈತರು ಕೂಟ ಕಟ್ಟಿದರು, ಕಂದಾಯ ಕಟ್ಟಲ್ಲ ಅಂದರು. ತಾನೇ ನಗರದ ವಾರಸುದಾರ ಅಂತ ಬೂದಿ ಬಸವಪ್ಪ ಮುಂದೆ ಬಂದ. ಇದೇ ನಗರ ದಂಗೆ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡರು, ಐವತ್ತು ವರ್ಷ ಬಿಡಲಿಲ್ಲ. ಶಿಸ್ತಿಗೆ ಹೆಸರಾದ ನೆಲದಲ್ಲೇ ಕಂದಾಯಕ್ಕಾಗಿ ದಂಗೆ!

2025ರ ಜುಲೈನ ಸುದ್ದಿ ಓದುವಾಗ ನನಗೆ ಇದೇ ನೆನಪಾಗಿದ್ದು. ಜನರಿಗೆ ಸಿಟ್ಟು ಬಂದದ್ದು ತೆರಿಗೆ ಇದೆ ಅಂತ ಅಲ್ಲ. ಇಷ್ಟು ದಿನ ಯಾರೂ ಕೇಳದೆ, ಈಗ ಇದ್ದಕ್ಕಿದ್ದ ಹಾಗೆ ನಾಲ್ಕು ವರ್ಷದ ಹಿಂದಿನದ್ದು ಕೇಳಿದ್ದಕ್ಕೆ.

ಸರಿ, ಆದಾಯ ತೆರಿಗೆಗೆ ಬರೋಣ. ಬ್ರಿಟಿಷ್ ಇಂಡಿಯಾದಲ್ಲಿ ಇದನ್ನು ತಂದವನು ಜೇಮ್ಸ್ ವಿಲ್ಸನ್, 1860ರಲ್ಲಿ, ಸಿಪಾಯಿ ದಂಗೆಯ ಖರ್ಚು ತುಂಬಲು. ಮೈಸೂರು ಸಂಸ್ಥಾನ 1923ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತು. ಸ್ವಾತಂತ್ರ್ಯದ ನಂತರ ದೇಶಕ್ಕೆಲ್ಲ 1961ರ ಕಾಯಿದೆ. ಈಗ ಅದರ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಜಾರಿಗೆ ಅಂತ 2025ರ ಹೊಸ ಕಾಯಿದೆ ಮಾಡಿದ್ದಾರೆ. ಕಲಂಗಳ ನಂಬರು ಬದಲು, ನಾನು ಕೆಳಗೆ ಹೇಳುವ ಪದ್ಧತಿ ಅದರಲ್ಲೂ ಇದೆ.

ಸಂಬಳದವರ ತೆರಿಗೆ ಸುಲಭ. ಕಂಪನಿಯೇ ಹಿಡಿದುಕೊಳ್ಳುತ್ತೆ, ನಾವು ಗೊಣಗಬಹುದು ಅಷ್ಟೇ. ಕಷ್ಟ ಇರೋದು ಸಣ್ಣ ಅಂಗಡಿಯವರದ್ದು. ದಿನಾ ನೂರು ಗಿರಾಕಿ, ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ. ಎಲ್ಲದಕ್ಕೂ ಬಿಲ್ಲು, ಪುಸ್ತಕ ಇಡಿ ಅಂದರೆ ಆ ಲೆಕ್ಕ ಬರೆಯುವವನ ಸಂಬಳವೇ ಲಾಭಕ್ಕಿಂತ ಹೆಚ್ಚಾಗುತ್ತೆ. ಸರ್ಕಾರಕ್ಕೂ ಇದು ಗೊತ್ತಿತ್ತು. 1992ರಲ್ಲಿ ಐದು ಲಕ್ಷದೊಳಗೆ ವಹಿವಾಟು ಇರುವ ಸಣ್ಣ ವ್ಯಾಪಾರಿ 1,400 ರೂಪಾಯಿ ಕಟ್ಟಿದರೆ ಮುಗಿಯಿತು ಅನ್ನುವ ಯೋಜನೆ ತಂದು, ಕೆಲವು ವರ್ಷ ನಡೆಸಿ ನಿಲ್ಲಿಸಿದರು. 1994ರಲ್ಲಿ ಕಟ್ಟಡ ಕಂಟ್ರಾಕ್ಟರುಗಳಿಗೆ ವಹಿವಾಟಿನ ಶೇಕಡಾ 8ನ್ನು ಲಾಭ ಅಂತ ಹಿಡಿಯುವ 44ಎಡಿ ಕಲಂ ಬಂತು. 1997ರಲ್ಲಿ ಚಿಲ್ಲರೆ ಅಂಗಡಿಗೆ ಶೇಕಡಾ 5. 2009ರ ಬಜೆಟ್ಟಿನಲ್ಲಿ ಎಲ್ಲವನ್ನೂ ಸೇರಿಸಿ ಎಲ್ಲರಿಗೂ ಶೇಕಡಾ 8 ಅಂತ ಮಾಡಿದರು. 2017ರ ಬಜೆಟ್ಟಿನಿಂದ ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣಕ್ಕೆ ಶೇಕಡಾ 6, ನಗದಿಗೆ ಶೇಕಡಾ 8. ವಹಿವಾಟು ಎರಡು ಕೋಟಿಯೊಳಗಿರಬೇಕು, ನಗದು ಶೇಕಡಾ 5ನ್ನು ಮೀರದಿದ್ದರೆ ಮೂರು ಕೋಟಿ. ಡಾಕ್ಟರು, ವಕೀಲರು, ಇಂಜಿನಿಯರ್ ಥರದ ಸ್ವಂತ ವೃತ್ತಿಯವರಿಗೆ 44ಎಡಿಎ, ಅಲ್ಲಿ ಬಂದದ್ದರಲ್ಲಿ ಅರ್ಧ ಲಾಭ ಅಂತ ಲೆಕ್ಕ. ಪೂರ್ತಿ ಪುಸ್ತಕ ಬೇಡ, ಆಡಿಟ್ ಬೇಡ. ತೆರಿಗೆ ಬಂದರೆ ಮುಂಗಡ ತೆರಿಗೆಯನ್ನು ನಾಲ್ಕು ಕಂತಿನ ಬದಲು ಮಾರ್ಚ್ 15ಕ್ಕೆ ಒಂದೇ ಸಲ ಕಟ್ಟಬಹುದು.

ಇದು ಶಿಸ್ತೇ ಅಲ್ವಾ? ಮನೆ ಒಳಗೆ ಬಂದು ಪೆಟ್ಟಿಗೆ ತೆಗೆಸುವುದಿಲ್ಲ. ಹೊರಗಿನಿಂದ ಕಾಣುವ ಒಂದು ಅಳತೆ, ಅದರ ಮೇಲೆ ಮೊದಲೇ ಹೇಳಿದ ದರ. ಆಗ ದಾಯ, ಈಗ ವಹಿವಾಟು.

ವ್ಯತ್ಯಾಸ ಇರೋದು ದರ್ಜೆಯಲ್ಲಿ. ಶಿವಪ್ಪನಾಯಕ ಐದು ದರ್ಜೆ ಮಾಡಿದ, ತೋಟಕ್ಕೆ ಬೇರೆ ಕೋಲು ಇಟ್ಟ. ನಾವು ಇದ್ದ ಎರಡು ಮೂರು ದರ್ಜೆಯನ್ನೂ ಕರಗಿಸಿ ಒಂದು ಮಾಡಿದೆವು. ಅಕ್ಕಿ, ಸಕ್ಕರೆ ಸಗಟು ಮಾರುವವನಿಗೆ ನೂರಕ್ಕೆ ಎರಡು ಮೂರು ರೂಪಾಯಿ ಉಳಿದರೆ ಹೆಚ್ಚು, ಅವನಿಗೆ 6 ಅನ್ನೋದು ಅಧಮಾಧಮ ಗದ್ದೆಗೆ ಉತ್ತಮದ ಶಿಸ್ತು ಹಾಕಿದಂತೆ. ನನಗೆ ಇಷ್ಟು ಲಾಭ ಇಲ್ಲ ಅಂತ ಹೇಳಲು ಅವನಿಗೆ ದಾರಿ ಇದೆ, ಆದರೆ ಆಗ ಪುಸ್ತಕ ಬೇಕು, ಆದಾಯ ಮಿತಿ ಮೀರಿದರೆ ಆಡಿಟ್ಟೂ ಬೇಕು, ಮತ್ತೆ ಐದು ವರ್ಷ ಈ ಸರಳ ಪದ್ಧತಿಗೆ ಬರುವ ಹಾಗಿಲ್ಲ. ಕಮಿಷನ್ ಏಜೆಂಟರಿಗೆ 44ಎಡಿ ಇಲ್ಲವೇ ಇಲ್ಲ, ಅಂದರೆ ನಮ್ಮ ಕಡೆಯ ಕಮಿಷನ್ ಅಡಿಕೆ ಮಂಡಿಗಳು ಹೊರಗೆ. ಹನ್ನೆರಡು ವರ್ಷ ಸರ್ಕಾರಿ ಕಿರಾಣಿ ಅಂಗಡಿ ನಡೆಸಿ ಆಮೇಲೆ ದರ ಹಾಕಿದ್ದರೆ ಹೇಗಿರುತ್ತಿತ್ತೋ ಅಂತ ನಗು ಬಂತು.

ಹಬ್ಬದ ಮಾರನೇ ದಿನ ಮಳೆ ಹೊಯ್ಯುತ್ತಿತ್ತು. ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಬ್ಯಾಂಕ್ ಖಾತೆಗೆ 2024-25ರಲ್ಲಿ ಬಂದದ್ದು 20 ಲಕ್ಷ. ಚಿಕ್ಕಪ್ಪ ಆ ಅಂಕಿ ನೋಡಿಯೇ ಬೆವತರು. "ಇಷ್ಟು ದುಡ್ಡು ನಾನು ಕಣ್ಣಲ್ಲೇ ಕಂಡಿಲ್ಲ ಅಪ್ಪಿ!" ಒಂದೊಂದೇ ಸಾಲು ಬಿಡಿಸಿದೆವು. ಅಡಿಕೆ ಮಾರಿದ ಎರಡೂವರೆ ಲಕ್ಷ, ಚೀಟಿ ಎತ್ತಿದ ಒಂದೂವರೆ ಲಕ್ಷ, ಮಾಡಿಗೆ ಅಂತ ಅತ್ತೆ ಮನೆ ಮಾವ ಕೊಟ್ಟ ಕೈಗಡ ಒಂದು ಲಕ್ಷ. ಎಲ್ಲಾ ಒಂದೇ ಖಾತೆಯಲ್ಲಿ! ಅಂಗಡಿಯದ್ದು ಉಳಿದದ್ದು 15 ಲಕ್ಷ. ನಗದು ವ್ಯಾಪಾರ ಸುಮಾರು 7 ಲಕ್ಷ. ಒಟ್ಟು 22. ಸಾಮಾನು ಮಾರುವವರಿಗೆ ಜಿಎಸ್‌ಟಿ ನೋಂದಣಿ ಮಿತಿ 40 ಲಕ್ಷ. ಹೆದರುವುದಕ್ಕೆ ಏನೂ ಇರಲೇ ಇಲ್ಲ.

ಆದಾಯ ತೆರಿಗೆಯ ಲೆಕ್ಕ: 15 ಲಕ್ಷದ ಶೇಕಡಾ 6 ಅಂದರೆ 90 ಸಾವಿರ, 7 ಲಕ್ಷದ ಶೇಕಡಾ 8 ಅಂದರೆ 56 ಸಾವಿರ. ಒಟ್ಟು 1,46,000. ಆ ವರ್ಷದ ಹೊಸ ಪದ್ಧತಿಯ ಮೂರು ಲಕ್ಷದ ಮಿತಿಗಿಂತ ಬಹಳ ಕೆಳಗೆ. ನಾನು ಖುಷಿಯಿಂದ ಹೇಳಿದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು.

"ನಂಗೆ ತಿಂಗಳಿಗೆ ಇಪ್ಪತ್ತಾರು ಇಪ್ಪತ್ತೇಳು ಸಾವಿರ ಉಳೀತದೆ. ಅದನ್ನ ಎಲ್ಲಿ ಬರೀತೀಯ?"

ಸರಿಯಾದ ಪ್ರಶ್ನೆ. 6, 8 ಅನ್ನೋದು ಕನಿಷ್ಠ ಮಾತ್ರ. ನಿಜವಾಗಿ ಹೆಚ್ಚು ಉಳಿದಿದ್ದರೆ ಹೆಚ್ಚನ್ನೇ ತೋರಿಸಬೇಕು. ಬಹಳ ಜನ 'ಸಾಕು ಇಷ್ಟೇ' ಅಂತ ಕನಿಷ್ಠವನ್ನೇ ಹಾಕಿ ಮುಗಿಸುತ್ತಾರೆ, ಹಾಕಿಸಿಕೊಡುವವರೂ ಹಾಗೇ ಹಾಕುತ್ತಾರೆ. ನಿಜ ಹೇಳಬೇಕು ಅಂದರೆ ನಾನೂ ಹಾಗೇ ಮಾಡಲು ಹೊರಟಿದ್ದೆ. ಚಿಕ್ಕಪ್ಪ ಹೇಳಿದಂತೆ 3,20,000 ಅಂತ ಹಾಕಿದೆವು. ಮಿತಿ ದಾಟಿದ್ದರಿಂದ ರಿಟರ್ನ್ ಕಡ್ಡಾಯ, ಆದರೆ ಆ ವರ್ಷ ಏಳು ಲಕ್ಷದವರೆಗೆ ರಿಬೇಟ್ ಇದ್ದದ್ದರಿಂದ ತೆರಿಗೆ ಸೊನ್ನೆ. ತೆರಿಗೆ ಇಲ್ಲ ಅಂದರೆ ರಿಟರ್ನೂ ಬೇಡ ಅನ್ನೋದು ನಮ್ಮ ಊರಿನವರ ದೊಡ್ಡ ತಪ್ಪು ತಿಳುವಳಿಕೆ. ದಯವಿಟ್ಟು ಗಮನಿಸಿ, ಎರಡೂ ಬೇರೆ ಬೇರೆ.

ಒಂದು ತಮಾಷೆ ಬಾಕಿ ಇದೆ. ಇಂಥವರಿಗೆ ಅಂತಲೇ ಇರುವ ಸರಳ ಫಾರಮ್ಮಿನ ಹೆಸರು 'ಸುಗಮ', ಐಟಿಆರ್-4. ಕೃಷಿ ಆದಾಯ ಐದು ಸಾವಿರಕ್ಕಿಂತ ಹೆಚ್ಚಿದ್ದರೆ ಅದನ್ನು ತುಂಬುವ ಹಾಗಿಲ್ಲ! ಅಡಿಕೆಯ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ ನಿಜ, ಆದರೆ ಉಳಿದ ಆದಾಯ ಮಿತಿ ದಾಟಿದರೆ ದರದ ಲೆಕ್ಕಕ್ಕೆ ಅದನ್ನೂ ಸೇರಿಸುತ್ತಾರೆ. ಹಾಗಾಗಿ ಮುಕ್ಕಾಲು ಎಕರೆ ತೋಟದ ತಪ್ಪಿಗೆ ಚಿಕ್ಕಪ್ಪ ದೊಡ್ಡ ಕಂಪನಿಯವರ ಥರ ಉದ್ದದ ಐಟಿಆರ್-3 ತುಂಬಬೇಕಾಯ್ತು. ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ನಾಲ್ಕು ಅಡಿಕೆ ಮರ ಇಲ್ಲದ ಅಂಗಡಿಯವರು ಎಷ್ಟು ಜನ ಸಿಗುತ್ತಾರೆ? ತೋಟಕ್ಕೆ ಬೇರೆ ಕೋಲು ಬೇಕು ಅಂತ 1660ರಲ್ಲೇ ಗೊತ್ತಿತ್ತು. ಮೂರು ಗಂಟೆ ಹಿಡಿಯಿತು, ನಡುವೆ ಎರಡು ಸಲ ಕರೆಂಟ್ ಹೋಯ್ತು.

ಮಾರನೇ ದಿನ ಅಂಗಡಿಗೆ ಬೇರೆ ಖಾತೆ ತೆರೆಯಲು ಅರ್ಜಿ ಕೊಟ್ಟು, ಬೈಕಿನಲ್ಲಿ ಇಕ್ಕೇರಿಗೆ ಹೋದೆವು. ದೇವಸ್ಥಾನ ಖಾಲಿ, ಎದುರು ದೊಡ್ಡ ಬಸವ, ಕಲ್ಲಿನ ಮೇಲೆಲ್ಲ ಪಾಚಿ. ಚಿಕ್ಕಪ್ಪನಿಗೆ ಮೆಟ್ಟಿಲಿನ ಕಥೆ ಹೇಳಿದೆ. ಎಷ್ಟೋ ಸಲ ಬಂದಿದ್ದರೂ ಗೊತ್ತಿರಲಿಲ್ಲವಂತೆ. ಕೊಡೆ ಮಡಚಿ ನನ್ನ ಕೈಗೆ ಕೊಟ್ಟು, ಮಳೆಯಲ್ಲೇ ಹೆಜ್ಜೆ ಹಾಕಿ ಅಳೆಯಲು ಶುರು ಮಾಡಿದರು! "ಅಂಗಡಿಯಲ್ಲಿ ಹತ್ತು ಟೇಪು ಇದೆ, ಒಂದು ತರಬೇಕಿತ್ತು" ಅಂದರು.

ಕ್ಯೂಆರ್ ಕೋಡು ಈಗ ಮತ್ತೆ ಗಲ್ಲಾಪೆಟ್ಟಿಗೆಯ ಮುಂದೆ ಬಂದಿದೆ. ಬ್ಯಾಂಕಿನ ಸಾಲಕ್ಕೆ ಇನ್ನೂ ಎರಡು ವರ್ಷದ ರಿಟರ್ನ್ ಬೇಕು, ಕಾಯಬೇಕು. ಅಲ್ಲಿಯ ತನಕ ಮಾಡಿನ ಮೇಲೆ ಅವರದ್ದೇ ಅಂಗಡಿಯ ಪ್ಲಾಸ್ಟಿಕ್ ಶೀಟು.

ನಿಮ್ಮ ಮನೆಯಲ್ಲೂ ಇಂಥ ಚಿಕ್ಕಪ್ಪ, ಮಾವ, ದೊಡ್ಡಪ್ಪ ಇದ್ದೇ ಇರುತ್ತಾರೆ. ಮುಂದಿನ ಹಬ್ಬಕ್ಕೆ ಹೋದಾಗ ಒಂದು ಸಂಜೆ ಅವರ ಜೊತೆ ಪಾಸ್‌ಬುಕ್ ಹಿಡಿದು ಕೂತು ನೋಡಿ. ಮತ್ತೆ ಇಕ್ಕೇರಿಗೆ ಹೋಗುವವರು ಒಂದು ಟೇಪು ಒಯ್ಯಲು ಮರೆಯಬೇಡಿ, ಅಳತೆ ಎಷ್ಟು ಬಂತು ಅಂತ ನನಗೂ ಹೇಳಿ :)